ಸಂಬಳ ಜಾಸ್ತಿಯಾದರೂ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಯಾಕೆ?

ಇನ್‌ಕ್ರಿಮೆಂಟ್ ಪತ್ರ ಬರುವ ಹೊತ್ತಿಗೆ ಎಲ್ಲ ಆಫೀಸುಗಳಲ್ಲೂ ಒಂದೇ ಥರದ ಮಾತು ಕೇಳಿಸುತ್ತದೆ. "ಎಷ್ಟು ಕೊಟ್ಟರು?" ಅನ್ನುವುದು ಮೊದಲ ಪ್ರಶ್ನೆ. ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: "ಅವರಿಗೆ ಎಷ್ಟಂತೆ?" ಇದಾಗಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಾಣಿಸುತ್ತದೆ. ಒಳ್ಳೆಯ ಏರಿಕೆ ಸಿಕ್ಕವರಲ್ಲೇ ಕೆಲವರು ರಾಜೀನಾಮೆ ಕೊಟ್ಟು ಹೊರಡುತ್ತಾರೆ. ಹೇಳಿಕೊಳ್ಳುವಂಥ ಏರಿಕೆ ಸಿಗದ ಕೆಲವರು ಮೊದಲಿನಷ್ಟೇ ಆಸ್ಥೆಯಿಂದ ಕೆಲಸ ಮಾಡುತ್ತಿರುತ್ತಾರೆ. ದುಡ್ಡೇ ಎಲ್ಲ ಅನ್ನುವುದಾದರೆ ಹೀಗಾಗಬಾರದಿತ್ತು, ಅಲ್ವಾ? ಹಾಗಂತ ದುಡ್ಡು ಮುಖ್ಯವೇ ಅಲ್ಲ ಅನ್ನುವವರ ಮಾತೂ ನಿಲ್ಲುವುದಿಲ್ಲ. ಸಂಬಳ ಎರಡು ತಿಂಗಳು ತಡವಾಗಲಿ, ಯಾವ ಸ್ಫೂರ್ತಿಯ ಭಾಷಣವೂ ಯಾರನ್ನೂ ಹಿಡಿದಿಡುವುದಿಲ್ಲ.

ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾರ್ಖಾನೆ, ಆಸ್ಪತ್ರೆ, ಶಾಲೆ, ಕಾಲ್ ಸೆಂಟರ್‌ಗಳಲ್ಲಿ ಅಳೆದು ನೋಡುತ್ತಲೇ ಬಂದಿದ್ದಾರೆ. ಸಿಕ್ಕ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಸಂಬಳಕ್ಕೊಂದು ಖಾತೆ, ಬಾಸ್‌ಗೆ ಇನ್ನೊಂದು ಖಾತೆ ಅಂತ ಬೇರೆ ಬೇರೆ ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ. ಸಂಬಳವನ್ನು ಯಾರು ನಿರ್ಧರಿಸಿದರು, ಯಾವ ಆಧಾರದ ಮೇಲೆ, ಅದನ್ನು ಹೇಗೆ ಹೇಳಿದರು, ಇವೆಲ್ಲ ಸೇರಿಯೇ ಅದು ಕೈಗೆ ಬರುವುದು. ಒಂದೊಂದಾಗಿ ನೋಡೋಣ.

ಮೊದಲು ನಾಲ್ಕು ಪದ

ಹುಮ್ಮಸ್ಸು ಅಂದರೆ ಸುಮ್ನೆ ಖುಷಿಯಾಗಿರುವುದಲ್ಲ. ಒಬ್ಬರು ಕೆಲಸಕ್ಕೆ ಎಷ್ಟು ಶ್ರಮ ಹಾಕುತ್ತಾರೆ, ಕಷ್ಟ ಬಂದಾಗ ಎಷ್ಟು ಹೊತ್ತು ಬಿಡದೆ ಹಿಡಿದುಕೊಂಡಿರುತ್ತಾರೆ, ಆ ಶ್ರಮವನ್ನು ಯಾವ ಕಡೆಗೆ ತಿರುಗಿಸುತ್ತಾರೆ, ಈ ಮೂರೂ ಸೇರಿ ಹುಮ್ಮಸ್ಸು. ಅದು ಹೊರಗಿನಿಂದ ಬರಬಹುದು: ದುಡ್ಡು, ಬಡ್ತಿ, ಬೈಗುಳದ ಭಯ. ಒಳಗಿನಿಂದಲೂ ಬರಬಹುದು: ಕೆಲಸವೇ ಇಷ್ಟವಾಗಿರುವುದು, ಅದರಿಂದ ಯಾರಿಗೋ ಉಪಯೋಗವಾಗುತ್ತಿದೆ ಅನ್ನುವ ತೃಪ್ತಿ.

ಕೆಲಸದ ಫಲ, ಅಂದರೆ ಎಲ್ಲರೂ ಪರ್ಫಾರ್ಮೆನ್ಸ್ ಅನ್ನುತ್ತಾರಲ್ಲ, ಅದು ಇನ್ನೊಂದು. ಅದಕ್ಕೆ ಮನಸ್ಸು ಮಾತ್ರ ಸಾಲದು. ಕೆಲಸ ಬರಬೇಕು, ಮಾಡುವ ಅವಕಾಶವೂ ಇರಬೇಕು. ದಿನಕ್ಕೆ ಮೂರು ಸಲ ಕೈಕೊಡುವ ಕಂಪ್ಯೂಟರ್ ಮುಂದೆ ಕೂತವರಿಗೆ ಎಷ್ಟೇ ಸಂಬಳ ಏರಿಸಿದರೂ ಕೆಲಸ ಬೇಗ ಮುಗಿಯುವುದಿಲ್ಲ. ತುಂಬಾ ಕಡೆ "ಅವರಿಗೆ ಆಸಕ್ತಿಯೇ ಇಲ್ಲ" ಅಂತ ತೀರ್ಪು ಕೊಡುವುದು ಇಂಥ ಜಾಗದಲ್ಲೇ. ಅಲ್ಲಿ ಕೊರತೆಯಿರುವುದು ಆಸಕ್ತಿಯದ್ದಲ್ಲ, ಸಲಕರಣೆಯದ್ದು.

ಸಂಬಳ ಅನ್ನುವುದರಲ್ಲೂ ಬಗೆಗಳಿವೆ. ತಿಂಗಳು ತಿಂಗಳು ಬರುವ ನಿಗದಿತ ಮೊತ್ತ ಒಂದು. ಮಾಡಿದ ಕೆಲಸದ ಎಣಿಕೆಯ ಮೇಲೆ ಬರುವ ಇನ್ಸೆಂಟಿವ್ ಇನ್ನೊಂದು. ವರ್ಷಕ್ಕೊಮ್ಮೆ ಸಿಗುವ ಬೋನಸ್ ಮತ್ತೊಂದು. ಇವುಗಳ ಪರಿಣಾಮ ಒಂದೇ ಅಲ್ಲ.

ಇನ್ನು ನಾಯಕತ್ವ. ಇಲ್ಲಿ ಕಂಪನಿಯ ಮಾಲೀಕರಿಗಿಂತ ಮುಖ್ಯ, ನಿಮಗೆ ನೇರವಾಗಿ ಕೆಲಸ ಹಂಚುವವರು, ರಜೆಗೆ ಸಹಿ ಹಾಕುವವರು, ನಿಮ್ಮ ಬಗ್ಗೆ ಮೇಲಿನವರಿಗೆ ಹೇಳುವವರು. ಆ ಜಾಗದಲ್ಲಿ ಕೂತವರನ್ನೇ ಈ ಲೇಖನದಲ್ಲಿ ಬಾಸ್ ಅನ್ನುತ್ತೇನೆ.

ದುಡ್ಡಿನ ಬಲ: ಎರಡು ಉದಾಹರಣೆ

ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ 1913ರಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ಸುಮಾರು 14 ಸಾವಿರ ಜನರ ಕಾರ್ಖಾನೆ ನಡೆಸಲು ಆ ಒಂದು ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಹೊಸದಾಗಿ ಬಂದಿದ್ದ ಸಾಲು ಜೋಡಣೆಯಲ್ಲಿ, ಅಂದರೆ ಅಸೆಂಬ್ಲಿ ಲೈನ್‌ನಲ್ಲಿ, ದಿನವಿಡೀ ಒಂದೇ ನಟ್ಟು ಬಿಗಿಯುವ ಕೆಲಸ ಜನರಿಗೆ ಸಾಕಾಗಿ ಹೋಗುತ್ತಿತ್ತು. 1914ರ ಜನವರಿ 5ರಂದು ಹೆನ್ರಿ ಫೋರ್ಡ್ ದಿನಗೂಲಿಯನ್ನು 2.34 ಡಾಲರ್‌ನಿಂದ 5 ಡಾಲರ್‌ಗೆ ಏರಿಸುತ್ತೇವೆ ಅಂತ ಘೋಷಿಸಿದರು, ಜೊತೆಗೆ ದಿನದ ಕೆಲಸವನ್ನು 9 ಗಂಟೆಯಿಂದ 8ಕ್ಕೆ ಇಳಿಸಿದರು. 1913ರಲ್ಲಿ ಬಿಟ್ಟುಹೋಗುವವರ ಪ್ರಮಾಣ ಶೇಕಡಾ 370 ಇತ್ತು, ಅಂದರೆ ನೂರು ಜಾಗಕ್ಕೆ ವರ್ಷದಲ್ಲಿ 370 ಜನ ಬಿಟ್ಟುಹೋಗುತ್ತಿದ್ದರು; 1915ರ ಹೊತ್ತಿಗೆ ಅದು ಶೇಕಡಾ 16ಕ್ಕೆ ಬಂತು. ಗೈರುಹಾಜರಿಯೂ ಇಳಿಯಿತು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಇದಕ್ಕೂ ಮೂರು ತಿಂಗಳು ಮೊದಲೇ, 1913ರ ಅಕ್ಟೋಬರ್‌ನಲ್ಲಿ, ಕಂಪನಿ ಇನ್ನೊಂದು ಕೆಲಸ ಮಾಡಿತ್ತು. ಮನಸ್ಸಿಗೆ ಬಂದ ಹಾಗೆ ಕೆಲಸಗಾರರನ್ನು ವಜಾ ಮಾಡುವ ಅಧಿಕಾರವನ್ನು ಫೋರ್‌ಮನ್‌ಗಳ ಕೈಯಿಂದ ತೆಗೆದುಹಾಕಿತ್ತು. ಯಾವ ಕೌಶಲಕ್ಕೆ ಎಷ್ಟು ಕೂಲಿ ಅನ್ನುವ ಪಟ್ಟಿಯನ್ನೂ ಮಾಡಿತ್ತು. ಅಂದರೆ ಕೂಲಿ ಏರುವ ಮೊದಲೇ ಬಾಸ್‌ಗಳ ದರ್ಬಾರಿಗೆ ಕಡಿವಾಣ ಬಿದ್ದಿತ್ತು. ಎರಡರಲ್ಲಿ ಯಾವುದರಿಂದ ಎಷ್ಟು ಗುಣವಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ 5 ಡಾಲರ್ ಒಂದೇ ಎಲ್ಲವನ್ನೂ ಮಾಡಿತು ಅನ್ನುವುದು ಅರ್ಧ ಕಥೆ. ಇನ್ನೊಂದು ಮುಖವೂ ಇದೆ. ಆ 5 ಡಾಲರ್‌ನಲ್ಲಿ ಸುಮಾರು ಅರ್ಧ ಲಾಭದ ಪಾಲು ಅನ್ನುವ ಹೆಸರಿನಲ್ಲಿ ಬರುತ್ತಿತ್ತು. ಅದು ಸಿಗಬೇಕಾದರೆ ಕೆಲಸಗಾರರ ಮನೆಗೇ ಬಂದು ಅವರು ಹೇಗೆ ಬದುಕುತ್ತಿದ್ದಾರೆ ಅಂತ ಕಂಪನಿಯವರು ಪರೀಕ್ಷೆ ಮಾಡುತ್ತಿದ್ದರು. ದುಡ್ಡಿನ ಜೊತೆ ಶರತ್ತೂ ಬರುತ್ತದೆ ಅನ್ನುವುದು ಹೊಸ ವಿಷಯವೇನಲ್ಲ.

ಎರಡನೆಯದು 1990ರ ದಶಕದ ಮಧ್ಯದ್ದು. ಸೇಫ್‌ಲೈಟ್ ಅನ್ನುವ ಅಮೆರಿಕದ ಕಂಪನಿ ಕಾರುಗಳ ಒಡೆದ ಮುಂಗಾಜು ಬದಲಿಸುವ ಕೆಲಸ ಮಾಡುತ್ತದೆ. ಅಲ್ಲಿ ಗಂಟೆ ಲೆಕ್ಕದ ಕೂಲಿ ಬಿಟ್ಟು, ಎಷ್ಟು ಗಾಜು ಹಾಕಿದರೋ ಅಷ್ಟಕ್ಕೆ ಕೂಲಿ ಅನ್ನುವ ಪದ್ಧತಿಗೆ ಬಂದರು. ಎಷ್ಟೇ ಕಡಿಮೆ ಕೆಲಸವಾದರೂ ಇಷ್ಟು ಸಿಕ್ಕೇ ಸಿಗುತ್ತದೆ ಅನ್ನುವ ಕನಿಷ್ಠ ಖಾತರಿಯನ್ನೂ ಇಟ್ಟರು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲಜೀರ್ ಲೆಕ್ಕ ಹಾಕಿದಾಗ ತಲಾ ಕೆಲಸ ಶೇಕಡಾ 44ರಷ್ಟು ಏರಿತ್ತು. ಇದರಲ್ಲಿ ಸುಮಾರು ಅರ್ಧ ಮಾತ್ರ ಅದೇ ಜನ ಜಾಸ್ತಿ ಕೆಲಸ ಮಾಡಿದ್ದರಿಂದ ಬಂದದ್ದು. ಉಳಿದದ್ದರಲ್ಲಿ ದೊಡ್ಡ ಪಾಲು, ಬೇಗ ಕೆಲಸ ಮಾಡುವವರು ಅಲ್ಲಿಗೆ ಬಂದು ಸೇರಿದ್ದರಿಂದ, ಇದ್ದವರು ಬಿಟ್ಟುಹೋಗದೆ ಉಳಿದದ್ದರಿಂದ. ಸಂಬಳದ ಪದ್ಧತಿ ಇರುವವರಿಂದ ಹೆಚ್ಚು ಕೆಲಸ ಮಾಡಿಸುವುದಷ್ಟೇ ಅಲ್ಲ, ಯಾರು ಬರಬೇಕು ಯಾರು ಹೋಗಬೇಕು ಅನ್ನುವುದನ್ನೂ ತೀರ್ಮಾನಿಸುತ್ತದೆ. ಇದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಗಾಜು ಹಾಕುವ ಕೆಲಸದಲ್ಲಿ ಈ ಪದ್ಧತಿ ಹೊಂದಿದ್ದಕ್ಕೆ ಕಾರಣವಿದೆ. ಕೆಲಸವನ್ನು ಎಣಿಸಬಹುದು, ಒಬ್ಬರೇ ಮಾಡುತ್ತಾರೆ, ತಪ್ಪು ಯಾರದು ಅಂತ ಗೊತ್ತಾಗುತ್ತದೆ. ಹಾಕಿದ ಗಾಜು ಸರಿಯಾಗಿ ಕೂರದಿದ್ದರೆ ಅದೇ ಕೆಲಸಗಾರ ಬಂದು ಕೂಲಿಯಿಲ್ಲದೆ ಮತ್ತೆ ಕೂರಿಸಬೇಕಿತ್ತು. ಹಾಗಾಗಿ ಅವಸರ ಮಾಡಿ ಕೆಡಿಸಿದರೆ ನಷ್ಟ ಅವರಿಗೇ. ಎಲ್ಲ ಕೆಲಸವೂ ಹೀಗಿರುವುದಿಲ್ಲ.

ದುಡ್ಡು ಎಲ್ಲಿ ಕೈಸೋಲುತ್ತದೆ

ಇಂಡೋನೇಷ್ಯಾ ಸರ್ಕಾರ ಅರ್ಹತಾ ಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನು ದುಪ್ಪಟ್ಟು ಮಾಡಿತು. ಒಂದೇ ಏಟಿಗೆ ಎಲ್ಲರಿಗೂ ಕೊಡಲು ಆಗದೆ ಹಂತ ಹಂತವಾಗಿ ಕೊಟ್ಟದ್ದರಿಂದ, ಸಂಶೋಧಕರಿಗೆ ಕೆಲವು ಶಾಲೆಗಳಲ್ಲಿ ಮೊದಲೇ ಏರಿಸಿ ಉಳಿದ ಶಾಲೆಗಳ ಜೊತೆ ಹೋಲಿಸಿ ನೋಡುವ ಅಪರೂಪದ ಅವಕಾಶ ಸಿಕ್ಕಿತು. ಎರಡು ಮೂರು ವರ್ಷದ ನಂತರ ನೋಡಿದರೆ ಶಿಕ್ಷಕರು ಖುಷಿಯಾಗಿದ್ದರು, ಹಣದ ಒತ್ತಡ ಕಡಿಮೆಯಾಗಿತ್ತು, ಪಕ್ಕದಲ್ಲಿ ಇನ್ನೊಂದು ಕೆಲಸ ಮಾಡುವವರು ಕಡಿಮೆಯಾಗಿದ್ದರು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು.

ಶಿಕ್ಷಕರು ಸೋಮಾರಿಗಳು ಅಂತ ಇದರ ಅರ್ಥವಲ್ಲ, ದಯವಿಟ್ಟು ಹಾಗೆ ಓದಬೇಡಿ. ಪಾಠ ಮಾಡುವ ರೀತಿ, ತರಬೇತಿ, ಮುಖ್ಯೋಪಾಧ್ಯಾಯರ ಬೆಂಬಲ ಯಾವುದೂ ಬದಲಾಗದೆ ಸಂಬಳ ಒಂದೇ ಬದಲಾದರೆ, ಬದಲಾಗುವುದು ಶಿಕ್ಷಕರ ಬದುಕು. ಅದೂ ದೊಡ್ಡ ವಿಷಯವೇ. ಆದರೆ ತರಗತಿಯ ಫಲಿತಾಂಶ ತಾನಾಗಿ ಅದರ ಹಿಂದೆ ಬರುವುದಿಲ್ಲ.

ಏರಿಕೆಯ ಹುರುಪು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದಕ್ಕೂ ಒಂದು ಪ್ರಯೋಗವಿದೆ. ಯೂರಿ ಗ್ನೀಜಿ ಮತ್ತು ಜಾನ್ ಲಿಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು ಗ್ರಂಥಾಲಯದ ಪುಸ್ತಕಗಳ ವಿವರ ಕಂಪ್ಯೂಟರ್‌ಗೆ ತುಂಬುವ ಆರು ಗಂಟೆಯ ಕೆಲಸಕ್ಕೆ ಗಂಟೆಗೆ 12 ಡಾಲರ್ ಅಂತ ಹೇಳಿ ವಿದ್ಯಾರ್ಥಿಗಳನ್ನು ಕರೆದರು. ಅವರಲ್ಲಿ ಕೆಲವರಿಗೆ ಕೆಲಸ ಶುರುವಾಗುವ ಮುಂಚೆ ನಿಮಗೆ ಗಂಟೆಗೆ 20 ಡಾಲರ್ ಕೊಡುತ್ತೇವೆ ಅಂದರು. ಮೊದಲ ಒಂದೂವರೆ ಗಂಟೆ ಅವರು ಉಳಿದವರಿಗಿಂತ ಜೋರಾಗಿ ಕೆಲಸ ಮಾಡಿದರು. ಆಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಹೊಸ ಸಂಬಳ ಬೇಗನೇ ಮಾಮೂಲಿ ಸಂಬಳವಾಗಿಬಿಡುತ್ತದೆ.

ಹೀಗೇಕೆ ಅನ್ನುವುದಕ್ಕೆ ಹಳೆಯ ವಿವರಣೆಯೊಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅವರದು. 1950ರ ದಶಕದ ಕೊನೆಯಲ್ಲಿ ಅವರ ತಂಡ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿತು. ಕೆಲಸದಲ್ಲಿ ತುಂಬಾ ಚೆನ್ನಾಗಿ ಅನಿಸಿದ್ದು ಯಾವಾಗ? ತುಂಬಾ ಬೇಸರವಾದದ್ದು ಯಾವಾಗ? ಬೇಸರದ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲ್ವಿಚಾರಕರ ನಡವಳಿಕೆ, ಸಂಬಳ ಬಂದವು. ಖುಷಿಯ ಕಥೆಗಳಲ್ಲಿ ಮಾಡಿ ಮುಗಿಸಿದ ಕೆಲಸ, ಸಿಕ್ಕ ಮೆಚ್ಚುಗೆ, ವಹಿಸಿಕೊಟ್ಟ ಜವಾಬ್ದಾರಿ ಬಂದವು. ಚಪ್ಪಲಿಯಲ್ಲಿ ಸಿಕ್ಕಿಕೊಂಡ ಕಲ್ಲಿನ ಹಾಗೆ ಇದು. ಕಲ್ಲು ಇರುವವರೆಗೆ ನಡೆಯುವುದೇ ಕಷ್ಟ, ತೆಗೆದರೆ ಹಾಯೆನಿಸುತ್ತದೆ, ಆದರೆ ಕಲ್ಲು ಹೋಯಿತು ಅಂತ ಯಾರೂ ಓಡಲು ಶುರು ಮಾಡುವುದಿಲ್ಲ. ಓಡಬೇಕಾದರೆ ಹೋಗಬೇಕಾದ ಕಡೆ ಏನೋ ಇರಬೇಕು. ಕೆಟ್ಟ ಬಾಸ್ ಕೂಡ ಹರ್ಜ್‌ಬರ್ಗ್ ಪಟ್ಟಿಯಲ್ಲಿ ಕಲ್ಲಿನ ಕಡೆಗೇ ಬರುತ್ತಾರೆ.

ಈ ಸಿದ್ಧಾಂತಕ್ಕೆ ಗಟ್ಟಿ ಆಕ್ಷೇಪವೂ ಇದೆ. ಮನುಷ್ಯರು ಗೆಲುವಿನ ಕಥೆ ಹೇಳುವಾಗ ತಮ್ಮನ್ನೂ ಸೋಲಿನ ಕಥೆ ಹೇಳುವಾಗ ಬೇರೆಯವರನ್ನೂ ಕಾರಣ ಮಾಡುತ್ತಾರೆ, ಹಾಗಾಗಿ ಪಟ್ಟಿ ಹೀಗೆ ಎರಡಾಗಿ ಸೀಳಿದ್ದರಲ್ಲಿ ಆಶ್ಚರ್ಯವಿಲ್ಲ ಅನ್ನುತ್ತಾರೆ ವಿಮರ್ಶಕರು. ನಿಜವಿರಬಹುದು. ಆದರೂ ಬೇಸರ ಹೋಗಲಾಡಿಸುವುದು ಬೇರೆ, ಹುಮ್ಮಸ್ಸು ಹುಟ್ಟಿಸುವುದು ಬೇರೆ ಅನ್ನುವ ಒಂದು ಮಾತು ನೆನಪಿಟ್ಟುಕೊಳ್ಳುವಂಥದ್ದು.

"ಅವರಿಗೆ ಎಷ್ಟಂತೆ?"

ಆರಂಭದಲ್ಲಿ ಹೇಳಿದ ಎರಡನೇ ಪ್ರಶ್ನೆಯನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕುವಂತಿಲ್ಲ. ನಮ್ಮ ಸಂಬಳ ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ತೂಗಲು ನಮ್ಮ ಹತ್ತಿರ ಬೇರೆ ತಕ್ಕಡಿಯೇ ಇಲ್ಲ. ನಾನು ಹಾಕಿದ ಶ್ರಮ, ನನಗೆ ಸಿಕ್ಕಿದ್ದು, ಪಕ್ಕದವರು ಹಾಕಿದ ಶ್ರಮ, ಅವರಿಗೆ ಸಿಕ್ಕಿದ್ದು, ಈ ನಾಲ್ಕನ್ನು ಜನ ತಮಗೇ ಗೊತ್ತಿಲ್ಲದೆ ಹೋಲಿಸುತ್ತಿರುತ್ತಾರೆ. ಜೆ. ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ಇದನ್ನು ಸಿದ್ಧಾಂತವಾಗಿ ಬರೆದರು. ಲೆಕ್ಕ ಸಮವಿಲ್ಲ ಅನಿಸಿದಾಗ ಅದನ್ನು ಸಮ ಮಾಡಲು ಸುಲಭದ ದಾರಿ ಒಂದೇ: ಶ್ರಮ ಕಡಿಮೆ ಮಾಡುವುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳ ಸಾರ್ವಜನಿಕ ಮಾಹಿತಿ. ಒಂದು ಪತ್ರಿಕೆ ಅದನ್ನೆಲ್ಲ ಒಂದು ಜಾಲತಾಣದಲ್ಲಿ ಹಾಕಿತ್ತು. ಡೇವಿಡ್ ಕಾರ್ಡ್ ಮತ್ತು ಜೊತೆಗಾರರು ಕೆಲವು ನೌಕರರಿಗೆ ಮಾತ್ರ ಆ ತಾಣದ ವಿಷಯ ತಿಳಿಸಿ, ಆಮೇಲೆ ಎಲ್ಲರ ಅಭಿಪ್ರಾಯ ಕೇಳಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ತನ್ನ ವಿಭಾಗದಲ್ಲಿ ತನ್ನಂಥದ್ದೇ ಕೆಲಸದವರ ಮಧ್ಯದ ಮಟ್ಟದ ಸಂಬಳಕ್ಕಿಂತ ಕಡಿಮೆ ಪಡೆಯುತ್ತಿದ್ದೇನೆ ಅಂತ ಗೊತ್ತಾದವರಿಗೆ ಬೇಸರ ಹೆಚ್ಚಿತು, ಬೇರೆ ಕೆಲಸ ಹುಡುಕುವ ಯೋಚನೆಯೂ ಹೆಚ್ಚಿತು. ಜಾಸ್ತಿ ಪಡೆಯುತ್ತಿದ್ದೇನೆ ಅಂತ ಗೊತ್ತಾದವರಿಗೆ ಹೆಚ್ಚಿನ ಖುಷಿಯೇನೂ ಆಗಲಿಲ್ಲ. ಅನ್ಯಾಯದ ನೋವು ಒಂದು ಕಡೆ ಉಳಿಯುತ್ತದೆ, ಅದನ್ನು ಸರಿದೂಗಿಸುವ ಸಂತೋಷ ಇನ್ನೊಂದು ಕಡೆ ಹುಟ್ಟುವುದಿಲ್ಲ. ಇಬ್ಬರ ನಡುವೆ ಕಾರಣವಿಲ್ಲದ ಅಂತರ ಇಟ್ಟ ಕಂಪನಿ ಕಳೆದುಕೊಳ್ಳುವುದು ಹೀಗೆ.

ಬಹುಮಾನವೇ ಕೆಲಸ ಕೆಡಿಸುವಾಗ

ಯಾವುದನ್ನು ಎಣಿಸಿ ದುಡ್ಡು ಕೊಡುತ್ತೀರೋ ಅದು ಜಾಸ್ತಿಯಾಗುತ್ತದೆ. ತೊಂದರೆ ಏನೆಂದರೆ ಎಣಿಕೆಗೆ ಸಿಗದ ಕೆಲಸ ಸೊರಗುತ್ತದೆ. ಒಂದು ಕರೆಗೆ ಎಷ್ಟು ನಿಮಿಷ ಅನ್ನುವುದರ ಮೇಲೆ ಅಂಕ ಕೊಟ್ಟರೆ ಕರೆಗಳು ಬೇಗ ಮುಗಿಯುತ್ತವೆ, ಗ್ರಾಹಕರ ಸಮಸ್ಯೆ ಮುಗಿಯುವುದಿಲ್ಲ, ಅವರು ನಾಳೆ ಮತ್ತೆ ಕರೆ ಮಾಡುತ್ತಾರೆ. ಹೊಸಬರಿಗೆ ಕೆಲಸ ಹೇಳಿಕೊಡುವುದು, ಬೇರೆಯವರ ತಪ್ಪು ತಿದ್ದುವುದು, ಇವಕ್ಕೆ ಯಾವ ಹಾಳೆಯಲ್ಲೂ ಕಾಲಂ ಇರುವುದಿಲ್ಲ.

ಇದು ಎಷ್ಟರ ಮಟ್ಟಿಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ಸಾಕು. ಒಬ್ಬೊಬ್ಬ ಗ್ರಾಹಕರಿಗೂ ಎಂಟು ಖಾತೆ ಅಥವಾ ಸೇವೆ ಮಾರಬೇಕು ಅನ್ನುವ ಗುರಿ ಅಲ್ಲಿತ್ತು. ಗುರಿ ಮುಟ್ಟಿದರೆ ಬೋನಸ್, ಮುಟ್ಟದಿದ್ದರೆ ಮೇಲಿನವರ ಒತ್ತಡ. ಗ್ರಾಹಕರಿಗೆ ಗೊತ್ತೇ ಇಲ್ಲದೆ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆಗಳು ತೆರೆದುಕೊಂಡವು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದಿದ್ದೂ ಆಗ ಹೊರಗೆ ಬಂತು. ಇಷ್ಟೊಂದು ಜನ ಒಂದೇ ಥರದ ತಪ್ಪು ಮಾಡಿದ್ದಾರೆ ಅಂದರೆ ಅದನ್ನು ಒಬ್ಬೊಬ್ಬರ ಸ್ವಭಾವಕ್ಕೆ ಕಟ್ಟುವುದು ನ್ಯಾಯವಲ್ಲ. ಗುರಿಯೂ ಬಹುಮಾನವೂ ಬಾಸ್‌ಗಳ ಒತ್ತಡವೂ ಒಂದೇ ದಿಕ್ಕಿಗೆ ತಳ್ಳುತ್ತಿದ್ದವು.

ಬಹುಮಾನ ತೀರಾ ದೊಡ್ಡದಾದರೂ ಕಷ್ಟ. ಡ್ಯಾನ್ ಏರಿಯಲಿ ಮತ್ತು ಜೊತೆಗಾರರು ಮದುರೈ ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಆರು ಆಟ ಆಡಿಸಿದರು: ಬೆಳಕು ಮಿನುಗಿದ ಕ್ರಮ ನೆನಪಿಟ್ಟು ಹೇಳುವುದು, ಚೌಕಟ್ಟಿನೊಳಗೆ ಲೋಹದ ತುಂಡುಗಳನ್ನು ಜೋಡಿಸುವುದು, ಹೀಗೆ. ಚೆನ್ನಾಗಿ ಆಡಿದರೆ ಆಟವೊಂದಕ್ಕೆ ಒಂದು ಗುಂಪಿಗೆ 4 ರೂಪಾಯಿ, ಇನ್ನೊಂದಕ್ಕೆ 40, ಮೂರನೆಯದಕ್ಕೆ 400. ಅಲ್ಲಿನವರಿಗೆ 400 ಅಂದರೆ ಬಹಳ ದೊಡ್ಡ ದುಡ್ಡು. ಎಲ್ಲರಿಗಿಂತ ಕೆಟ್ಟದಾಗಿ ಆಡಿದ್ದು 400ರ ಗುಂಪೇ. ಗಮನವೆಲ್ಲ ಆಟದ ಬದಲು ದುಡ್ಡಿನ ಮೇಲೆ ಹೋದಾಗ ಕೈ ನಡುಗುತ್ತದೆ. ಯೋಚನೆ ಬೇಕಾಗುವ ಕೆಲಸಗಳಲ್ಲಿ ಇದು ಹೆಚ್ಚು.

ಇನ್ನೂ ಒಂದು ಸೂಕ್ಷ್ಮ ಪರಿಣಾಮವಿದೆ. ಎಡ್ವರ್ಡ್ ಡೆಸಿ 1971ರಲ್ಲಿ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಕೆಲವರಿಗೆ ಒಂದು ಒಗಟು ಬಿಡಿಸಿದರೆ ಒಂದು ಡಾಲರ್. ಆಮೇಲೆ ದುಡ್ಡು ನಿಲ್ಲಿಸಿದರು. ಬಿಡುವಿನ ಹೊತ್ತಿನಲ್ಲಿ ಯಾರು ತಾವಾಗಿ ಒಗಟು ಹಿಡಿಯುತ್ತಾರೆ ಅಂತ ಮರೆಯಿಂದ ನೋಡಿದರೆ, ದುಡ್ಡು ಪಡೆದಿದ್ದವರ ಆಸಕ್ತಿ ಮೊದಲಿಗಿಂತ ಇಳಿದಿತ್ತು. ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿಯಾಗಿ ಬದಲಾಗಿತ್ತು. ಹಾಗಂತ ಸಂಬಳವೇ ಆಸಕ್ತಿಯನ್ನು ಕೊಲ್ಲುತ್ತದೆ ಅಂತ ತಿಳಿಯಬಾರದು. ತಿಂಗಳ ಸಂಬಳಕ್ಕೆ ಈ ಗುಣ ಅಷ್ಟಾಗಿಲ್ಲ. "ಇದನ್ನು ಮಾಡಿದರೆ ಇಷ್ಟು" ಅಂತ ಒಂದೊಂದು ಹೆಜ್ಜೆಗೂ ಬೆಲೆ ಕಟ್ಟುವ ಬಹುಮಾನಗಳಿಗೆ ಇದೆ.

ಬಾಸ್ ಬದಲಾದರೆ ಏನು ಬದಲಾಗುತ್ತದೆ

1930ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಮತ್ತು ಅವರ ವಿದ್ಯಾರ್ಥಿಗಳು ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಮುಖವಾಡ ಮಾಡುವಂಥ ಕೆಲಸ ಕೊಟ್ಟು ಮೂರು ಥರದ ನಾಯಕರನ್ನು ಕೂರಿಸಿದರು. ಒಬ್ಬರು ಬರೀ ಹುಕುಂ ಮಾಡುವವರು. ಒಬ್ಬರು ಹುಡುಗರ ಜೊತೆ ಮಾತಾಡಿ ತೀರ್ಮಾನ ಮಾಡುವವರು. ಇನ್ನೊಬ್ಬರು ಏನಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುವವರು. ಹುಕುಂ ಮಾಡುವವರು ಎದುರಿಗಿದ್ದಾಗ ಕೆಲಸ ಭರದಿಂದಲೇ ಸಾಗುತ್ತಿತ್ತು. ಅವರು ಕೋಣೆಯಿಂದ ಹೊರಗೆ ಹೋದ ಕೂಡಲೇ ಹುಡುಗರು ಕೆಲಸ ಬಿಡುತ್ತಿದ್ದರು. ಮಾತಾಡಿ ತೀರ್ಮಾನಿಸುವವರ ಗುಂಪಿನಲ್ಲಿ ನಾಯಕರು ಇದ್ದರೂ ಇಲ್ಲದಿದ್ದರೂ ಕೆಲಸ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತಿತ್ತು. ಬಾಸ್ ರಜೆ ಹಾಕಿದ ದಿನ ಆಫೀಸು ಹೇಗಿರುತ್ತದೆ ಅಂತ ನೋಡಿದರೆ ನಿಮ್ಮ ಬಾಸ್ ಯಾವ ಬಗೆ ಅಂತ ನಿಮಗೇ ಗೊತ್ತಾಗುತ್ತದೆ.

ಅದು ಮಕ್ಕಳ ಮಾತಾಯಿತು, ದೊಡ್ಡವರ ಕೆಲಸದಲ್ಲಿ? ಲಜೀರ್ ಇನ್ನಿಬ್ಬರ ಜೊತೆ ಸೇರಿ ಒಂದು ದೊಡ್ಡ ಸೇವಾ ಕಂಪನಿಯ ಸುಮಾರು 2 ಸಾವಿರ ಬಾಸ್‌ಗಳು ಮತ್ತು ಅವರ ಕೈಕೆಳಗಿನವರ ದಿನದಿನದ ಲೆಕ್ಕ ಪರೀಕ್ಷಿಸಿದರು. ತೀರಾ ಕೆಳಗಿನ ಶೇಕಡಾ 10ರೊಳಗಿನ ಬಾಸ್‌ನ ಜಾಗಕ್ಕೆ ಮೇಲಿನ ಶೇಕಡಾ 10ರೊಳಗಿನವರನ್ನು ತಂದರೆ, ಒಂಬತ್ತು ಜನರ ತಂಡಕ್ಕೆ ಇನ್ನೊಬ್ಬರನ್ನು ಸೇರಿಸಿದಷ್ಟು ಕೆಲಸ ಹೆಚ್ಚುತ್ತದೆ ಅಂತ ಕಂಡಿತು. ಒಳ್ಳೆಯ ಬಾಸ್‌ಗಳ ಕೈಕೆಳಗಿನವರು ಕೆಲಸ ಬಿಡುವುದೂ ಕಡಿಮೆ.

ಒಳ್ಳೆಯ ಬಾಸ್ ಅಂದರೆ ಏನು ಮಾಡುವವರು? ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಬೆಳೆಸಿದ ಸಿದ್ಧಾಂತದ ಪ್ರಕಾರ ಮನುಷ್ಯರಿಗೆ ಕೆಲಸದಲ್ಲಿ ಮೂರು ಬೇಕು. ನನ್ನ ಕೆಲಸವನ್ನು ನಾನು ಸ್ವಲ್ಪವಾದರೂ ನನ್ನ ರೀತಿಯಲ್ಲಿ ಮಾಡಬಹುದು ಅನ್ನುವ ಸ್ವಾತಂತ್ರ್ಯ, ನನಗೆ ಇದು ಬರುತ್ತದೆ, ಇನ್ನೂ ಚೆನ್ನಾಗಿ ಬರುತ್ತಿದೆ ಅನ್ನುವ ನಂಬಿಕೆ, ಇಲ್ಲಿ ನಾನು ಯಾರಿಗೋ ಬೇಕಾದವನು ಅಥವಾ ಬೇಕಾದವಳು ಅನ್ನುವ ಭಾವನೆ. ಈ ಮೂರೂ ದಿನದಿನಕ್ಕೆ ಸಿಗುವುದು ಅಥವಾ ಸಿಗದಿರುವುದು ಬಾಸ್ ಕೈಯಿಂದ.

ಇದಕ್ಕೆ ನಾಲ್ಕನೆಯದನ್ನೂ ಸೇರಿಸುತ್ತೇನೆ: ಭಯವಿಲ್ಲದಿರುವುದು. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ನರ್ಸ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ನಿರೀಕ್ಷೆ. ಅಂಕಿಅಂಶ ನೋಡಿದರೆ ಅಲ್ಲೇ ಜಾಸ್ತಿ! ಕೊನೆಗೆ ಗೊತ್ತಾದದ್ದು, ಆ ತಂಡಗಳವರು ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೈಗುಳಕ್ಕೆ ಹೆದರುವ ತಂಡಗಳಲ್ಲಿ ತಪ್ಪುಗಳು ಹಾಳೆಗೆ ಬರುತ್ತಲೇ ಇರಲಿಲ್ಲ. ಹೇಳದ ತಪ್ಪನ್ನು ತಿದ್ದುವುದು ಹೇಗೆ?

ದುಡ್ಡು ಖರ್ಚಾಗದ ಒಂದು ಉಪಾಯದ ಫಲ ನೋಡಿ. ಆಡಮ್ ಗ್ರಾಂಟ್ ಒಂದು ವಿಶ್ವವಿದ್ಯಾಲಯದ ದೇಣಿಗೆ ಕೇಳುವ ಕಾಲ್ ಸೆಂಟರ್‌ನಲ್ಲಿ ಪ್ರಯೋಗ ಮಾಡಿದರು. ದಿನವಿಡೀ ಇಲ್ಲ ಅನ್ನಿಸಿಕೊಳ್ಳುವ ಕೆಲಸ ಅದು. ಅಲ್ಲಿನವರಿಗೆ, ಅವರು ಸಂಗ್ರಹಿಸಿದ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು, ಅಷ್ಟೆ. ಒಂದು ತಿಂಗಳ ನಂತರ ಆ ಗುಂಪಿನವರು ಫೋನಿನಲ್ಲಿ ಕಳೆಯುವ ಸಮಯ ದುಪ್ಪಟ್ಟಿಗೂ ಮೀರಿತ್ತು, ಸಂಗ್ರಹ ಶೇಕಡಾ 171ರಷ್ಟು ಏರಿತ್ತು. ಅವರ ಸಂಬಳ ಒಂದು ಪೈಸೆಯೂ ಬದಲಾಗಿರಲಿಲ್ಲ. ತಮ್ಮ ಕೆಲಸ ಯಾರನ್ನು ಮುಟ್ಟುತ್ತಿದೆ ಅನ್ನುವುದು ಮೊದಲ ಸಲ ಕಣ್ಣಿಗೆ ಕಂಡಿತ್ತು.

ಒಂದೇ ಸಂಬಳ ಕಡಿತ, ಎರಡು ಕಾರ್ಖಾನೆ

ಸಂಬಳ ಮತ್ತು ಬಾಸ್ ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆ ಅನ್ನುವುದನ್ನು ತೋರಿಸಲು ನನಗೆ ಗೊತ್ತಿರುವುದರಲ್ಲಿ ಇದಕ್ಕಿಂತ ಸ್ಪಷ್ಟವಾದ ಅಧ್ಯಯನ ಇಲ್ಲ. ಜೆರಾಲ್ಡ್ ಗ್ರೀನ್‌ಬರ್ಗ್ ಇದನ್ನು 1990ರಲ್ಲಿ ಪ್ರಕಟಿಸಿದರು.

ಅಮೆರಿಕದ ಒಂದು ಕಂಪನಿಗೆ ದೊಡ್ಡ ಗುತ್ತಿಗೆಗಳು ಕೈತಪ್ಪಿದವು. ಜನರನ್ನು ಮನೆಗೆ ಕಳಿಸುವ ಬದಲು ಎರಡು ಕಾರ್ಖಾನೆಗಳಲ್ಲಿ ಎಲ್ಲರ ಸಂಬಳವನ್ನು ಹತ್ತು ವಾರ ಶೇಕಡಾ 15 ಕಡಿತ ಮಾಡಲು ತೀರ್ಮಾನವಾಯಿತು. ಮೂರನೇ ಕಾರ್ಖಾನೆಯಲ್ಲಿ ಕಡಿತ ಇರಲಿಲ್ಲ, ಅದು ಹೋಲಿಕೆಗೆ.

ಮೊದಲ ಕಾರ್ಖಾನೆಯಲ್ಲಿ ಕಂಪನಿಯ ಅಧ್ಯಕ್ಷರೇ ಬಂದು ಸುಮಾರು ಒಂದೂವರೆ ಗಂಟೆ ಮಾತಾಡಿದರು. ಆದಾಯ ಹೇಗೆ ಕುಸಿದಿದೆ ಅಂತ ಪಟ್ಟಿ, ನಕ್ಷೆ ಹಿಡಿದು ತೋರಿಸಿದರು. ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂತ ಈ ದಾರಿ ಹಿಡಿದದ್ದು, ಕಡಿತ ಎಲ್ಲರಿಗೂ ಒಂದೇ, ಇದು ನಮಗೂ ನೋವಿನ ತೀರ್ಮಾನ ಅಂದರು. ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಎರಡನೇ ಕಾರ್ಖಾನೆಯಲ್ಲಿ ಸಭೆ ಹದಿನೈದು ನಿಮಿಷಕ್ಕೇ ಮುಗಿಯಿತು. ಸಂಬಳ ಇಷ್ಟು ಕಡಿಮೆಯಾಗುತ್ತದೆ, ಇಂತಿಷ್ಟು ವಾರ, ಕಾರಣ ಗುತ್ತಿಗೆ ಹೋಯಿತು. ಅಷ್ಟೆ.

ಗ್ರೀನ್‌ಬರ್ಗ್ ಅಳೆದದ್ದು ಕಳ್ಳತನವನ್ನು, ಅಂದರೆ ಕಾರ್ಖಾನೆಯಿಂದ ಕಾಣೆಯಾಗುವ ಉಪಕರಣ, ಸಾಮಾನುಗಳ ಪ್ರಮಾಣವನ್ನು. ಕಡಿತವಾದ ಎರಡೂ ಕಡೆ ಅದು ಏರಿತು. ಆದರೆ ಹದಿನೈದು ನಿಮಿಷದ ಸಭೆ ನಡೆದ ಕಾರ್ಖಾನೆಯಲ್ಲಿ ಬಹಳ ಜಾಸ್ತಿ ಏರಿತು, ಕೆಲಸ ಬಿಟ್ಟುಹೋದವರೂ ಅಲ್ಲೇ ಹೆಚ್ಚು. ಹತ್ತು ವಾರ ಮುಗಿದು ಸಂಬಳ ಹಳೆಯ ಮಟ್ಟಕ್ಕೆ ಬಂದ ಮೇಲೆ ಕಳ್ಳತನವೂ ಇಳಿಯಿತು.

ಇಲ್ಲಿ ಎರಡು ಸಂಗತಿ ಒಟ್ಟಿಗೆ ನಿಜ. ಒಳ್ಳೆಯ ಮಾತು ಕಡಿತದ ನೋವನ್ನು ಅಳಿಸಲಿಲ್ಲ, ಚೆನ್ನಾಗಿ ವಿವರಿಸಿದ ಕಡೆಯೂ ಕಳ್ಳತನ ಏರಿತು. ಅಂದರೆ ದುಡ್ಡಿನ ಜಾಗವನ್ನು ಮಾತು ತುಂಬುವುದಿಲ್ಲ. ಅದೇ ಹೊತ್ತಿಗೆ ಅಷ್ಟೇ ದುಡ್ಡು ಕಳೆದುಕೊಂಡ ಎರಡು ಗುಂಪಿನ ಜನ ಇಷ್ಟೊಂದು ಬೇರೆ ಬೇರೆಯಾಗಿ ನಡೆದುಕೊಳ್ಳಲು ಕಾರಣ ಆ ಒಂದೂವರೆ ಗಂಟೆ. ತಮ್ಮನ್ನು ವಿವರಣೆಗೆ ಅರ್ಹರಾದ ಮನುಷ್ಯರು ಅಂತ ನೋಡಿದರೋ, ಸಂಬಳದ ಪಟ್ಟಿಯ ಸಾಲು ಅಂತ ನೋಡಿದರೋ ಅನ್ನುವುದು ಜನರಿಗೆ ತಕ್ಷಣ ಗೊತ್ತಾಗುತ್ತದೆ. ಇನ್‌ಕ್ರಿಮೆಂಟ್ ಪತ್ರವನ್ನು ಒಂದು ಸಾಲಿನ ಮೇಲ್‌ನಲ್ಲಿ ಕಳಿಸುವ ಬಾಸ್‌ಗಳು ಇದನ್ನು ಓದಬೇಕು ಅಂತ ನನ್ನ ಆಸೆ.

ಇದನ್ನು ಎಲ್ಲಿ ಬಳಸುವುದು

ಸಂಬಳ ಮಾರುಕಟ್ಟೆಗಿಂತ ತೀರಾ ಕಡಿಮೆ ಇದ್ದರೆ, ಒಂದೇ ಕೆಲಸಕ್ಕೆ ಇಬ್ಬರಿಗೆ ಕಾರಣವಿಲ್ಲದೆ ಬೇರೆ ಬೇರೆ ಸಂಬಳ ಇದ್ದರೆ, ಮೊದಲು ಅದು ಸರಿಯಾಗಬೇಕು. ಮೆಚ್ಚುಗೆಯ ಪ್ರಮಾಣಪತ್ರ, ತಂಡದ ಪ್ರವಾಸ ಅದರ ಬದಲಿಗೆ ನಿಲ್ಲುವುದಿಲ್ಲ. ಸಂಬಳ ತಕ್ಕಮಟ್ಟಿಗೆ ಸರಿಯಿದ್ದೂ ಜನ ಸೊರಗುತ್ತಿದ್ದರೆ, ಇನ್ನಷ್ಟು ದುಡ್ಡು ಸುರಿಯುವ ಮುನ್ನ ಕೆಲಸ ಹಂಚುವ ರೀತಿ, ಬಾಸ್ ಮಾತಾಡುವ ರೀತಿ ನೋಡುವುದು ಲಾಭ. ಇನ್ಸೆಂಟಿವ್ ಇಡುವುದಾದರೆ ಕೆಲಸ ಎಣಿಕೆಗೆ ಸಿಗುವಂಥದ್ದೇ, ಗುಣಮಟ್ಟ ಕಾಯಲು ಏನು ವ್ಯವಸ್ಥೆ ಇದೆ ಅಂತ ಸೇಫ್‌ಲೈಟ್‌ನವರ ಹಾಗೆ ಮೊದಲೇ ಯೋಚಿಸಬೇಕು.

ಸಣ್ಣ ತಂಡ ನಡೆಸುವವರು "ಸಂಬಳ ನನ್ನ ಕೈಯಲ್ಲಿಲ್ಲ" ಅನ್ನುತ್ತಾರೆ. ಎಷ್ಟೋ ಸಲ ಅದು ನಿಜ. ಆದರೆ ಕಾರಣ ವಿವರಿಸುವುದು, ಯಾರ ಕೆಲಸ ಯಾರಿಗೆ ಉಪಯೋಗವಾಯಿತು ಅಂತ ಹೆಸರು ಹಿಡಿದು ಹೇಳುವುದು, ತಪ್ಪು ಒಪ್ಪಿಕೊಂಡವರ ಮೇಲೆ ಹಾರಾಡದಿರುವುದು, ಇವಕ್ಕೆ ಮೇಲಿನವರ ಸಹಿ ಬೇಕಿಲ್ಲ.

ನೀವು ನೌಕರರಾಗಿದ್ದರೆ, ಮುಂದಿನ ಅಪ್ರೈಸಲ್‌ನಲ್ಲಿ "ಇಷ್ಟು ಕೊಡಿ" ಅನ್ನುವುದರ ಜೊತೆಗೆ ಇನ್ನು ಮೂರು ಕೇಳಿ. ಈ ಮೊತ್ತವನ್ನು ಯಾವ ಆಧಾರದ ಮೇಲೆ ನಿರ್ಧರಿಸಿದಿರಿ? ಇದಕ್ಕಿಂತ ಮೇಲಿನ ಹಂತಕ್ಕೆ ನನ್ನಲ್ಲಿ ಏನು ಕಾಣಬೇಕಿತ್ತು? ಅದನ್ನು ಮಾಡಲು ನನಗೆ ಯಾವ ಕೆಲಸ, ಯಾವ ತರಬೇತಿ ಕೊಡುತ್ತೀರಿ? ಉತ್ತರ ಸ್ಪಷ್ಟವಾಗಿ ಬಂದರೆ, ಅದೇ ದಿನ "ನಾವು ಮಾತಾಡಿಕೊಂಡದ್ದು ಇದು" ಅಂತ ನಾಲ್ಕು ಸಾಲಿನ ಮೇಲ್ ಬರೆದು ಅವರಿಗೇ ಕಳಿಸಿ. ಆರು ತಿಂಗಳ ನಂತರ ಆ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರೂ ಮಾತು ಹಾಳೆಯ ಮೇಲೆ ಇರುತ್ತದೆ.